ಒಂದು ಸೇರು ತೌಡಿಗೆ ಮಾರಿದ ಕೂಸು

"ತಾಯಿಯನ್ನ ಕರ್ಕೊಂಡು ಬನ್ನಿ ಮೇಡಂ" ಎಂದಳು ಅರಸೀಕೆರೆಯ ಆಧಾರ್ ಕೇಂದ್ರದ ಆಪರೇಟರ್. ಕೂಸು ನನ್ನ ತೊಡೆಯ ಮೇಲೆ ಕೂತು ನನ್ನ ತಾಳಿಸರವನ್ನು ಕಚ್ಚುತ್ತಿತ್ತು. ಎಂಟು ತಿಂಗಳ ಹೆಣ್ಣು ಕೂಸು. ಕೆಳಗಿನ ಎರಡು ಹಲ್ಲು ಆಗತಾನೇ ಬಂದಿದ್ದವು.

"ನಾನೇ ತಾಯಿ" ಎಂದೆ.

"ಇದರಲ್ಲಿ ಹಾಗಿಲ್ವಲ್ಲ." ಅವಳು ಜನನ ಪ್ರಮಾಣಪತ್ರವನ್ನು ನನ್ನ ಕಡೆ ತಿರುಗಿಸಿ ತಾಯಿಯ ಹೆಸರಿನ ಮುಂದೆ ಬೆರಳಿಟ್ಟಳು. ಅಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನ ಹೆಸರಿತ್ತು. ತಂದೆಯ ಹೆಸರಿನ ಮುಂದೆ ಮಾತ್ರ ನನ್ನ ಗಂಡನ ಹೆಸರೇ ಇತ್ತು.

ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ಕತ್ತು ಉದ್ದ ಮಾಡಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಯಾವಾಗಲೂ ಹೇಳುತ್ತಾಳೆ. ಅವತ್ತು ಅದು ಮೂಗನ್ನೂ ದಾಟಿತು. ಪತ್ರವನ್ನು ಕಿತ್ತುಕೊಂಡು, ಕೂಸನ್ನು ಸೊಂಟಕ್ಕೆ ಏರಿಸಿ, ಸೀದಾ ಬಸ್ ಸ್ಟ್ಯಾಂಡಿಗೆ ಬಂದು ಜಾವಗಲ್ ಮೇಲೆ ಹೋಗುವ ಹಳೇಬೀಡಿನ ಬಸ್ಸು ಹತ್ತಿದೆ. ಎರಡು ಬೀದಿ ಆಚೆಗಿದ್ದ ತವರುಮನೆಗೆ ಒಂದು ಮಾತು ಹೇಳಿ ಹೋಗಬೇಕೆಂಬ ಬುದ್ಧಿಯೂ ಬರಲಿಲ್ಲ. ಅಮ್ಮ ನನಗೆಂದು ಒತ್ತುಶಾವಿಗೆ ಮಾಡಿಕೊಂಡು ಸಂಜೆವರೆಗೂ ಕಾದಳಂತೆ.

ಇದು ಹೇಗಾಯಿತು ಎಂದು ಬಸ್ಸಿನಲ್ಲಿ ಕೂತು ಯೋಚಿಸುವ ಅಗತ್ಯ ಇರಲಿಲ್ಲ. ಹೆಸರು ನೋಡಿದ ಕೂಡಲೇ ತಿಳಿದಿತ್ತು. ಇದು ನಮ್ಮ ಅತ್ತೆಯ ಕೆಲಸ.

ಈ ಕೂಸಿಗಿಂತ ಮುಂಚೆ ನನಗೆ ಎರಡು ಮಕ್ಕಳು ದಕ್ಕಲಿಲ್ಲ. ಮೊದಲನೆಯದು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹನ್ನೊಂದು ದಿನ ಇದ್ದು ಹೋಯಿತು. ಹಾಗೆ ಮಕ್ಕಳು ದಕ್ಕದ ಮನೆಯಲ್ಲಿ ಆಮೇಲೆ ಹುಟ್ಟಿದ ಕೂಸನ್ನು ಮಾರಿಬಿಡುವ ಪದ್ಧತಿ ನಮ್ಮ ಕಡೆಯದು. ಕೂಸು ಎಲ್ಲಿಗೂ ಹೋಗುವುದಿಲ್ಲ. ಮೊರದಲ್ಲಿ ತೌಡು ಹಾಸಿ ಕೂಸನ್ನು ಮಲಗಿಸಿ, ಮಕ್ಕಳು ದಕ್ಕಿದ ಮನೆಯ ಹೆಂಗಸೊಬ್ಬಳಿಗೆ ಸೇರು ತೌಡಿಗೋ ರಾಗಿಗೋ ಕೊಟ್ಟಂತೆ ಮಾಡುತ್ತಾರೆ. ಆಮೇಲೆ ಯಾವಾಗಲೋ, ದೇವರಿಗೆ ಮುಡಿ ಕೊಟ್ಟ ಮೇಲೆ, ಅಷ್ಟೇ ತೌಡು ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಯಮ ಹುಡುಕಿಕೊಂಡು ಬಂದರೂ ಆ ತಾಯಿಯ ಮಗು ಅವನಿಗೆ ಸಿಕ್ಕುವುದಿಲ್ಲ, ಏಕೆಂದರೆ ಅದು ಆ ತಾಯಿಯದೇ ಅಲ್ಲ.

ಮೂರನೆಯದು ಹಳೇಬೀಡಿನಲ್ಲಿ, ಗಂಡನ ಮನೆಯಲ್ಲೇ, ಒಂದು ಮಧ್ಯಾಹ್ನ ದಿನ ತುಂಬುವುದಕ್ಕೆ ಎರಡು ವಾರ ಮುಂಚೆ ಹುಟ್ಟಿತು. ಆಂಬುಲೆನ್ಸಿಗೆ ಫೋನು ಮಾಡಿ ಕಾಯುತ್ತಿದ್ದೆವು. ಕೂಸಿಗೆ ಕಾಯುವ ವ್ಯವಧಾನ ಇರಲಿಲ್ಲ. ಆ ವಿಷಯದಲ್ಲಿ ನನ್ನದೇ ಮಗಳು. ಅತ್ತೆಯೂ ಪಕ್ಕದ ಮನೆಯ ಅಕ್ಕನೂ ಸೇರಿ ಹೆರಿಗೆ ಮಾಡಿಸಿದರು. ಅಕ್ಕನವರು ಜೈನರು. ಬಸದಿ ಬೀದಿಯಲ್ಲಿ ದಿನಸಿ ಅಂಗಡಿ, ಕೆರೆಯ ಹಿಂದೆ ಗದ್ದೆ, ಮತ್ತು ಬಾಗಿಲಿಗೆ ತಲೆ ತಾಗುವಷ್ಟು ಬೆಳೆದ ನಾಲ್ಕು ಗಂಡುಮಕ್ಕಳು. ಮಕ್ಕಳು ದಕ್ಕಿದ ಮನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನನಗಿನ್ನೂ ಸುಸ್ತು ಇಳಿದಿರಲಿಲ್ಲ, ಅಷ್ಟರಲ್ಲಿ ವ್ಯಾಪಾರ ಮುಗಿದಿತ್ತು. ಅಕ್ಕ ತಮ್ಮ ಮನೆಯಿಂದ ಒಂದು ಸೇರು ತೌಡು ತಂದು ಅತ್ತೆಯ ಮಡಿಲಿಗೆ ಸುರಿದರು. ಮೊರದಿಂದ ಕೂಸನ್ನು ಎತ್ತಿಕೊಂಡು, "ಈ ಕೂಸು ಇನ್ನು ನಂದು. ನಮ್ಮನೇಲಿ ಹಾಲು ಕೊಡೋರಿಲ್ಲ, ನೀವೇ ಸಾಕಿಕೊಡಿ" ಎಂದರು.

"ಆಗ್ಲಿ ತಾಯಿ. ನಿಮ್ ಕೂಸ್ನ ನಾವು ಸಾಕ್ಕೊಡ್ತೀವಿ" ಎಂದರು ಅತ್ತೆ.

ನಾನು ಹಾಸಿಗೆಯಲ್ಲೇ ನಕ್ಕೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು, ಇಂಥದ್ದಕ್ಕೆಲ್ಲ ನಗುವುದು ನನ್ನ ಧರ್ಮ. ಕೂಸು ಅಳುತ್ತಿತ್ತು, ಜೋರಾಗಿ ಅಳುತ್ತಿತ್ತು, ಅಷ್ಟು ಸಾಕಾಗಿತ್ತು ನನಗೆ. ಆಮೇಲೆ ಆಂಬುಲೆನ್ಸ್ ಬಂತು. ಬೇಲೂರಿನ ಆಸ್ಪತ್ರೆಯಲ್ಲಿ ಐದು ದಿನ, ಅಲ್ಲಿಂದ ಬಾಣಂತನಕ್ಕೆ ಅರಸೀಕೆರೆಯ ತವರಿನಲ್ಲಿ ಐದು ತಿಂಗಳು.

ನಾನು ತವರಿನಲ್ಲಿದ್ದಾಗ ಗ್ರಾಮ ಲೆಕ್ಕಿಗರು ಜನನ ನೋಂದಣಿಗೆ ಮನೆಗೆ ಬಂದಿದ್ದರು. ಹೊಸದಾಗಿ ಬಂದ ಹುಡುಗ, ವಿಜಯಪುರದ ಕಡೆಯವರು. ಕೂಸು ಹುಟ್ಟಿದ್ದು ಮನೆಯಲ್ಲಾದ್ದರಿಂದ ಮಾಹಿತಿ ಕೊಡಬೇಕಾದವರು ಮನೆಯ ಹಿರಿಯರು, ಅಂದರೆ ಅತ್ತೆ. ಅತ್ತೆ ಕೊಟ್ಟರು. ಆ ಪತ್ರವನ್ನು ಹೋಗಿ ತಂದದ್ದು ನನ್ನ ಗಂಡ. ಪತ್ರಿಕೆಯಲ್ಲಿ ಕೊಬ್ಬರಿ ಧಾರಣೆಯನ್ನು ಎರಡೆರಡು ಸಲ ಓದುವ ಮನುಷ್ಯ, ಸರ್ಕಾರಿ ಕಾಗದ ಎಂದರೆ ಮಡಿಚಿ ಕವರಿಗೆ ಹಾಕುವುದಷ್ಟೇ ಗೊತ್ತು.

ನಾನೇ ಎಚ್ಚರವಾಗಿರಬೇಕಿತ್ತು. ಅತ್ತೆ ಮಾತಿಗೆ ತಪ್ಪುವವರಲ್ಲ. ಮಾರಿದ ದಿನದಿಂದ ಅವರ ಬಾಯಲ್ಲಿ 'ನಿನ್ನ ಕೂಸು' ಎಂಬ ಮಾತು ಬಂದಿರಲಿಲ್ಲ. ಕೂಸು ಅತ್ತರೆ ತಂದು ನನ್ನ ಕೈಗೆ ಕೊಡುತ್ತಾ, "ತಗೊಳವ್ವ, ಅವ್ರ ಕೂಸು ಹಸ್ಕೊಂಡೈತೆ" ಎನ್ನುತ್ತಿದ್ದರು. ನಾನು ತವರಿನಲ್ಲಿದ್ದಾಗ ಫೋನು ಮಾಡಿದರೂ, "ಅವ್ರ ಕೂಸು ಹೆಂಗೈತೆ?" ಎಂದೇ ಕೇಳುತ್ತಿದ್ದರು. ಪಕ್ಕದ ಮನೆಯ ಅಕ್ಕ ಬಂದರೆ, "ನೋಡು, ನಿಮ್ಮವ್ವಾರು ಬಂದ್ರು" ಎಂದು ಕೂಸಿಗೆ ತೋರಿಸುವುದು. ನಾನು ಕೂಸಿನ ಮುಂದೆ ನನ್ನನ್ನು ಅಮ್ಮ ಎಂದು ಕರೆದುಕೊಳ್ಳುವ ಹಾಗಿರಲಿಲ್ಲ. ಬಾಯಿತಪ್ಪಿ ಒಂದೆರಡು ಸಲ ಅಂದಾಗ ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಹಳೇಬೀಡಿನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅತ್ತೆ, ಇದರಲ್ಲಿ ತಾಯಿ ಅಂತ ಯಾರ ಹೆಸರು ಬರೆಸಿದೀರಿ?"

"ಯಾರ್ದು ಬರೆಸ್ಬೇಕಿತ್ತು?"

"ನಂದು."

"ಮಾರಿದ್ ಮ್ಯಾಕೆ ನಿಂದೇನೈತೆ?"

"ಮತ್ತೆ ಅಪ್ಪ ಅಂತ ಇವರ ಹೆಸರು ಯಾಕೆ ಬರೆಸಿದ್ರಿ?"

"ಮಾರಿದ್ದು ಹೆಂಗ್ಸು, ಕೊಂಡಿದ್ದು ಹೆಂಗ್ಸು. ಗಂಡಸ್ರಿಗೆ ಅದ್ರಾಗೇನು ಕೆಲ್ಸ?" ಎಂದು ಇನ್ನೊಂದು ಬೀಜ ತೆಗೆದರು.

ನನ್ನ ಗಂಟಲು ಕೇಳಿ ಪಕ್ಕದ ಮನೆಯಿಂದ ಅಕ್ಕನೂ ಅವರ ಯಜಮಾನರೂ ಬಂದರು. ಅಕ್ಕ ಪತ್ರ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ತಮ್ಮ ಹೆಸರನ್ನು ಓದಿಕೊಂಡರು. ಅವರ ಮುಖದಲ್ಲಿ ಬಂದ ಸಂತೋಷವನ್ನು ಮುಚ್ಚಿಡಲು ಅವರಿಗೆ ಆಗಲಿಲ್ಲ. "ನಾಲ್ಕು ಹೆತ್ತರೂ ನಂಗೆ ಹೆಣ್ಣು ಇರಲಿಲ್ಲ. ಈಗ ಸರ್ಕಾರವೇ ಕೊಟ್ಟುಬಿಟ್ಟಿದೆ" ಎಂದರು. ಯಜಮಾನರು ಪತ್ರದ ಎರಡು ಸಾಲನ್ನೂ ಓದಿ ಹೆಂಡತಿಯ ಕಡೆ ನೋಡಿದರು. "ಅಲ್ಲ ಕಣೇ, ನನ್ನನ್ನೂ ಒಂದು ಮಾತು ಕೇಳಬಹುದಾಗಿತ್ತಲ್ಲ" ಎಂದರು. ತೋಟದಿಂದ ಆಗತಾನೇ ಬಂದಿದ್ದ ನನ್ನ ಗಂಡ ಮುಖ ತೋರಿಸದೆ ಕೊಟ್ಟಿಗೆ ಕಡೆ ನಡೆದ. ಎಲ್ಲರೂ ನಕ್ಕರು. ನಾನೊಬ್ಬಳು ನಗಲಿಲ್ಲ.

ಸಂಜೆ ಗಂಡ ಸಮಾಧಾನಕ್ಕೆ ಬಂದ. "ನಾನು ಹೋಗಿ ನನ್ನ ಆಧಾರ್ ತೋರ್ಸಿದ್ರೆ ಕೂಸಿಂದೂ ಆಯ್ತದೆ. ಮಿಕ್ಕಿದ್ದು ನಿಧಾನಕ್ಕೆ ನೋಡ್ಕಳನ" ಎಂದ. ಹೇಳಿದ್ದು ಸರಿಯೇ, ಅಪ್ಪ ಇದ್ದರೆ ಆಧಾರ್ ಆಗುತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಆಧಾರ್ ಅಲ್ಲ. ಮೂರು ಸಲ ಬಸುರಾಗಿ ಒಂದು ಸಲ ಕೈಗೆ ಬಂದ ಮಗು. ಇವಳಿಗೆ ನಾನು ತಾಯಿ ಎಂದು ಒಂದು ಕಾಗದದ ಮೇಲಾದರೂ ಇರಬೇಕೆಂದು ನನಗೆ ಆಸೆ ಇತ್ತು, ಬಾಯಲ್ಲಂತೂ ಯಾರೂ ಹೇಳುತ್ತಿರಲಿಲ್ಲ. ಅದನ್ನು ಗಂಡನಿಗೆ ಹೇಳುವಾಗ ಅಳು ಬಂತು. ಆಮೇಲೆ ಅವನು ಆಧಾರ್ ವಿಷಯ ಎತ್ತಲಿಲ್ಲ.

ವಿಚಾರಿಸಿದಾಗ ತಿಳಿದದ್ದು ಇಷ್ಟು: ತಿದ್ದುಪಡಿ ಆಗಬೇಕೆಂದರೆ ಮೊದಲು ಮಾಹಿತಿ ಕೊಟ್ಟವರೇ, ಕೊಟ್ಟದ್ದು ಸರಿಯಿರಲಿಲ್ಲ ಎಂದು ಬೇಲೂರಿನಲ್ಲಿ ಅಫಿಡವಿಟ್ ಮಾಡಿಕೊಡಬೇಕು. ಅಂದರೆ ಅತ್ತೆ ಹೆಬ್ಬೆಟ್ಟು ಒತ್ತಬೇಕು. ಅತ್ತೆ ಒಪ್ಪಲಿಲ್ಲ. ಮೂರು ವರ್ಷ ತುಂಬಿ ಮಾಲೇಕಲ್ಲು ವೆಂಕಟರಮಣನಿಗೆ ಮುಡಿ ಕೊಡುವವರೆಗೂ ಬಿಡಿಸಿಕೊಳ್ಳುವ ಮಾತೇ ಇಲ್ಲ ಎಂದರು. ನಾನೂ ಬಿಡಲಿಲ್ಲ. "ನಿಮ್ಮ ಮೂಢನಂಬಿಕೆಗೆ ನನ್ನ ಹೆಸರೇ ಅಳಿಸಿ ಹೋಗಬೇಕಾ?" ಎಂದುಬಿಟ್ಟೆ.

ಅತ್ತೆ ಎದ್ದು ಒಳಗೆ ಹೋಗಿ ಟ್ರಂಕು ತೆಗೆದು ಒಂದು ಹಳೇ ಕವರು ತಂದರು. ಅದರಲ್ಲಿ ಎರಡು ಪತ್ರ ಇದ್ದವು. ಹನ್ನೊಂದು ದಿನ ಇದ್ದ ಮಗುವಿನ ಜನನದ್ದೊಂದು, ಮರಣದ್ದೊಂದು. ಎರಡೂ ಒಂದೇ ದಿನ ಬಂದಿದ್ದವಂತೆ. ಅವು ಮನೆಯಲ್ಲಿವೆ ಎಂದು ನನಗೆ ಯಾರೂ ಹೇಳಿರಲಿಲ್ಲ.

"ಇದ್ರಾಗೆ ಯಾರ ಹೆಸ್ರೈತೆ ಓದು" ಎಂದರು.

ನೋಡಿದೆ. ನನ್ನ ಹೆಸರೇ ಇತ್ತು.

"ಆವಾಗ ನಿನ್ ಹೆಸ್ರೇ ಬರ್ಸಿದ್ದೆ ಕಣವ್ವ" ಎಂದು ಕವರನ್ನು ತೆಗೆದುಕೊಂಡು ಒಳಗೆ ಹೋದರು.

ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಅವತ್ತು ಆ ಪಾಠ ಬಾಯಿಗೆ ಬರಲಿಲ್ಲ. ಎರಡು ತಿಂಗಳು ಅತ್ತೆಯ ಮುಂದೆ ಪತ್ರದ ಸುದ್ದಿ ಎತ್ತಲಿಲ್ಲ. ಸುಮ್ಮನಿದ್ದೆ ಎಂದಲ್ಲ, ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ಬಸದಿ ಬೀದಿಯೆಲ್ಲ ಆಡಿಕೊಂಡು ನಕ್ಕ ಮೇಲೆ ಸುದ್ದಿ ಗ್ರಾಮ ಲೆಕ್ಕಿಗರಿಗೂ ಮುಟ್ಟಿತು. ಒಂದು ಬೆಳಿಗ್ಗೆ ಅವರೇ ಬಂದರು. ನಮ್ಮ ಬಾಗಿಲಿಗೆ ಬಗ್ಗಿ ಒಳಬರಬೇಕಾದಷ್ಟು ಎತ್ತರದ ಆಳು. ಅತ್ತೆ ಅವರನ್ನು ಹಳೇ ರೂಢಿಯಂತೆ ಶಾನುಭೋಗಪ್ಪ ಎಂದೇ ಕರೆಯುವುದು.

"ಅಮ್ಮಾರ, ನೀವು ಹೇಳಿದಂಗ ಬರದೇನ್ರಿ. ಹಿಂಗಂತ ಗೊತ್ತಿದ್ರ ಕೇಳತಿದ್ದೆ" ಎಂದರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು, "ನನಗರ ಹೊಳೀಬೇಕಾಗಿತ್ತು. ನಮ್ಮವ್ವನೂ ನನ್ನ ಮಾರಿದ್ಲರಿ" ಎಂದರು.

ಅತ್ತೆ ಸರಕ್ಕನೆ ತಿರುಗಿದರು. "ಎಷ್ಟುಕ್ಕೆ?"

"ಅರ್ಧ ಸೇರು ಜ್ವಾಳಕ್ಕರಿ."

"ಅಷ್ಟೇಯಾ?"

"ಭಾಳ ಸಣ್ಣಾಂವ ಇದ್ನಂತ್ರಿ."

"ಯಾವಾಗ ಬಿಡಿಸ್ಕಂಡ್ರು?"

"ವರ್ಷ ತುಂಬೂದರಾಗ ತಿರಗಿ ತಗೊಂಡ್ರಂತ್ರಿ."

ಅತ್ತೆ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಸಂತೆಯಲ್ಲಿ ಹೋರಿ ನೋಡುವ ಹಾಗೆ ನೋಡಿದರು ಎಂದರೆ ತಪ್ಪಲ್ಲ. "ಆಮ್ಯಾಕೆ ಏನೂ ಕಾಯ್ಲೆ ಕಸಾಲೆ ಬರ್ಲಿಲ್ವಾ?"

ಅವರು ಪ್ರಾಮಾಣಿಕವಾಗಿ ಯೋಚಿಸಿದರು. "ಸಾಲಿಗೆ ಹೋಗುಮುಂದ ಒಮ್ಮೆ ಕಜ್ಜಿ ಆಗಿತ್ತರಿ."

"ಕಜ್ಜಿ ಲೆಕ್ಕುಕ್ಕಿಲ್ಲ ಬಿಡು" ಎಂದ ಅತ್ತೆ ಬೆರಳು ಮಡಿಚಿ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹನ್ನೊಂದೂ ಬೆಸ ಅಲ್ವೇನೇ?" ಎಂದರು. ಮುಡಿ ತೆಗೆಸುವುದು ಬೆಸ ತಿಂಗಳಲ್ಲೇ, ಕೂಸಿಗೆ ಆಗ ಹತ್ತು ತುಂಬಿ ಹನ್ನೊಂದನೇ ತಿಂಗಳು ನಡೆಯುತ್ತಿತ್ತು. ಬೆಸ ಎಂದೆ. "ಹಂಗಾರೆ ಮಾಲೇಕಲ್ಲಿಗೆ ಹೋಗಿ ಮುಡಿ ಕೊಟ್ಬುಡನ" ಎಂದರು. ನಾನು ಅಡುಗೆಮನೆಗೆ ಓಡಿ, ಗ್ರಾಮ ಲೆಕ್ಕಿಗರಿಗೆ ಇನ್ನೊಂದು ಲೋಟ ಕಾಫಿ ಮಾಡಿದೆ.

ಶನಿವಾರ ಎಲ್ಲರೂ ಹೊರಟೆವು. ಪಕ್ಕದ ಮನೆಯ ಅಕ್ಕನೂ ಬಂದರು. ಒಡತಿ ಇಲ್ಲದೆ ಮುಡಿ ಕೊಡುವುದು ಹೇಗೆ ಎಂದು ಅತ್ತೆ ಕರೆದಿದ್ದರು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಮುಡಿ ತೆಗೆಸಬೇಕು, ಹಾಗಾಗಿ ಅರಸೀಕೆರೆಯಿಂದ ನನ್ನ ಅಣ್ಣ ಬಂದಿದ್ದ. ಅತ್ತೆ ಅವನಿಗೂ ಒಂದು ಮಾತು ಹೇಳಿ ಕೂರಿಸಿದರು: "ನೀನು ಸದ್ಯಕ್ಕೆ ಮಾವ ಅಲ್ಲ ಕಣಪ್ಪ. ಸುಮ್ಕೆ ಹಿಡ್ಕಂಡು ಕೂತ್ಕೋ." ಕೂಸು ಬೆಟ್ಟಕ್ಕೆಲ್ಲ ಕೇಳುವ ಹಾಗೆ ಅತ್ತಿತು. ಬೋಳು ತಲೆಗೆ ಗಂಧ ಹಚ್ಚಿದ ಕೂಡಲೇ ತಣ್ಣಗಾಗಿ ನಕ್ಕಿತು. ಮೆಟ್ಟಿಲಿಳಿಯುವಾಗ ಎಲ್ಲರೂ ಸರದಿಯ ಮೇಲೆ ಆ ತಲೆಯನ್ನು ಮುಟ್ಟಿದೆವು.

ಸೋಮವಾರ ಬೇಲೂರು. ಬಾಯಲ್ಲಿ ಒಂದು, ಕಾಗದದಲ್ಲಿ ಒಂದು ಇರಬಾರದು, ಎರಡೂ ಒಂದೇ ಗಳಿಗೆಯಲ್ಲಿ ಆಗಬೇಕು ಎಂದು ಅತ್ತೆಯ ಹಟ. ಅದಕ್ಕೇ ಮೊರವನ್ನೂ ಸೇರನ್ನೂ ಒಂದು ಚೀಲ ತೌಡನ್ನೂ ಬಸ್ಸಿಗೆ ಹತ್ತಿಸಿದರು. ಅತ್ತೆ, ಅಕ್ಕ, ನಾನು ಮೂವರೂ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಇಸಿದುಕೊಂಡೆವು. "ಹೆಂಗಸರಿಗೆ ಫ್ರೀ ಕಣಮ್ಮ, ತೌಡಿಗಲ್ಲ" ಎಂದ ಕಂಡಕ್ಟರ್. ಆಮೇಲೆ ಕೂಸಿನ ಬೋಳು ತಲೆ ನೋಡಿ ಚೀಲದ ಮಾತು ಬಿಟ್ಟ.

ತಾಲ್ಲೂಕು ಕಚೇರಿಯ ಹೊರಗೆ ಟೈಪು ಮಾಡುವವರು 'ಈ ಹಿಂದೆ ತಪ್ಪು ಮಾಹಿತಿ ನೀಡಿರುತ್ತೇನೆ' ಎಂದು ಓದಿ ಹೇಳಿದರು. ಅತ್ತೆ ಹೆಬ್ಬೆಟ್ಟನ್ನು ಹಿಂದಕ್ಕೆ ತೆಗೆದುಕೊಂಡರು. "ನಾನೇನ್ ಸುಳ್ ಹೇಳಿಲ್ಲ. ಅವತ್ತು ಮಾರಿದ್ವಿ, ಇವತ್ತು ಬಿಡಿಸ್ಕಂತಾ ಇದೀವಿ. ಹಂಗೇ ಬರಿಯಪ್ಪ" ಎಂದರು. ಹಾಗೆ ಬರೆದರೆ ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೀರಿ ಎಂದು ಅವರು ತಿಳಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಕೊನೆಗೆ 'ಮನೆಯ ಪದ್ಧತಿಯಂತೆ ತಿಳಿಸಿದ ಹೆಸರು' ಎಂದು ಬರೆದ ಮೇಲೆ ಹೆಬ್ಬೆಟ್ಟು ಒತ್ತಿದರು.

ಆಮೇಲೆ ನನ್ನ ಸರದಿ. 'ಸದರಿ ಮಗುವಿನ ಹೆತ್ತ ತಾಯಿ ನಾನೇ ಆಗಿರುತ್ತೇನೆ' ಎಂಬ ಸಾಲಿನ ಕೆಳಗೆ ನಾನು ಸಹಿ ಮಾಡಬೇಕಿತ್ತು. ಈ ಸಾಲಿಗಾಗಿ ಮನೆಯವರೆಲ್ಲರ ಜೊತೆ ಜಗಳವಾಡಿದ್ದೆ. ಪೆನ್ನು ಹಿಡಿದೆ, ಕೈ ಮುಂದಕ್ಕೆ ಹೋಗಲಿಲ್ಲ. ಟ್ರಂಕಿನ ಆ ಕವರು ಕಣ್ಣ ಮುಂದೆ ಬಂತು. ಇದನ್ನು ಬರೆದರೆ ಯಮನಿಗೆ ಗೊತ್ತಾಗುತ್ತದೆ ಎಂದು ಭಯವಾಯಿತು, ನನಗೆ, ವಿಜ್ಞಾನದ ಟೀಚರಿಗೆ. ಅತ್ತೆಯನ್ನು ಹಂಗಿಸಿದ ನಾನೇ ಅವರಿಗಿಂತ ಹೆಚ್ಚು ಹೆದರಿದ್ದೆ.

ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ಹಾಕವ್ವ. ಆ ಶಾನುಭೋಗಪ್ಪನ್ನ ನೋಡ್ಲಿಲ್ವಾ ನೀನು, ಎಂಗ್ ಬೆಳದವ್ನೆ" ಎಂದರು. ಸಹಿ ಮಾಡಿದೆ.

ಆ ಗಳಿಗೆಗೇ ಕಚೇರಿಯ ಜಗಲಿಯ ಮೇಲೆ ಮೊರ ಹಾಸಿದ್ದಾಯಿತು. ಅಕ್ಕ ಕೂಸನ್ನು ಎತ್ತಿಕೊಂಡು ಎದುರಿಗೆ ನಿಂತರು. ಅಂಗಡಿಯವರ ಮನೆಯ ಹೆಂಗಸು, ಸುಮ್ಮನೆ ಕೊಡುತ್ತಾರೆಯೇ? "ನಾನು ಕೊಂಡಾಗ ಎರಡೂವರೆ ಕೆಜಿ ಇತ್ತು, ಈಗ ಎಂಟಾಗಿದೆ. ಅದೇ ಒಂದು ಸೇರಿಗೆ ಹೇಗೆ ಬಿಡಲಿ?" ಎಂದರು.

"ಮೇಯ್ಸಿದ್ದು ಯಾರು ಅಕ್ಕೋರೆ?" ಎಂದರು ಅತ್ತೆ.

ಪಹಣಿಗೆ ನಿಂತಿದ್ದವರು, ಪಿಂಚಣಿಗೆ ಬಂದಿದ್ದವರು ಎಲ್ಲ ಸುತ್ತ ಸೇರಿದರು. ಒಳಗಿನಿಂದ ಒಬ್ಬ ಅಧಿಕಾರಿಯೂ ಬಂದು ಏನಮ್ಮ ಇದು ಎಂದು ಕೇಳಿದರು. "ಒಂದೀಟ್ ವ್ಯಾಪಾರ ಸ್ವಾಮಿ, ಈಗ ಮುಗೀತದೆ" ಎಂದ ಅತ್ತೆ ಸೇರಿನ ಮೇಲೆ ಗೋಪುರ ಬರುವ ಹಾಗೆ ತೌಡು ತುಂಬಿ ಅಕ್ಕನ ಸೆರಗಿಗೆ ಸುರಿದರು. ಅಕ್ಕ ಕೂಸನ್ನು ಮೊರದಲ್ಲಿ ಮಲಗಿಸಿದರು. ಅದು ಮಲಗದೆ ಎದ್ದು ಕೂತು ತೌಡನ್ನು ಬಾಯಿಗೆ ಹಾಕಿಕೊಂಡಿತು.

"ತಗೊಳ್ಳಿ. ಇನ್ನು ಈ ಕೂಸು ನಂದಲ್ಲ" ಎಂದಾಗ ಅಕ್ಕನ ದನಿ ಒಡೆಯಿತು. ಆಮೇಲೆ ಕಣ್ಣೊರೆಸಿಕೊಂಡು ಟೈಪಿನವರ ಕಡೆ ತಿರುಗಿ, "ದಿನಾ ಎತ್ತಿಕೊಳ್ಳೋ ಹಕ್ಕು ನಂದು ಅಂತ ಅದರಲ್ಲಿ ಒಂದು ಸಾಲು ಸೇರಿಸಿ" ಎಂದರು. ಮಿಕ್ಕ ತೌಡನ್ನು ಅಲ್ಲೇ ರಸ್ತೆಯಲ್ಲಿ ನಿಂತಿದ್ದ ಒಂದು ಹಸುವಿಗೆ ಹಾಕಿ ಬಸ್ಸು ಹತ್ತಿದೆವು.

ಮನೆಗೆ ಬಂದ ಮೇಲೂ ಅತ್ತೆಯ ಮಾತು ಬದಲಾಗಲಿಲ್ಲ. "ಅವ್ರ ಕೂಸು ಹಸ್ಕೊಂಡೈತೆ" ಎಂದೇ ತಂದು ಕೊಟ್ಟರು. ಬಿಡಿಸಿಕೊಂಡಾಯಿತಲ್ಲ ಅತ್ತೆ ಎಂದರೆ, "ಇನ್ನೂ ಕಾಗ್ದ ಬಂದಿಲ್ಲ" ಎಂದರು. ಕಾಗದವನ್ನು ನನಗಿಂತ ಅವರೇ ಹೆಚ್ಚು ನಂಬಿದ್ದರು.

ಮೂರು ವಾರದ ಮೇಲೆ ಗ್ರಾಮ ಲೆಕ್ಕಿಗರೇ ಹೊಸ ಪತ್ರ ತಂದುಕೊಟ್ಟರು. ಅಷ್ಟರಲ್ಲಿ ಕೂಸಿಗೆ ಹೆಸರೂ ಇಟ್ಟಿದ್ದೆವು, ಅದೂ ಬಂದಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆಯ ಭಯ ನನಗೂ ಒಂದಿಷ್ಟು ಅಂಟಿದೆ. ತಾಯಿಯ ಹೆಸರಿರುವ ಸಾಲು ಯಾವುದು ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿ, ಅತ್ತೆ ಪತ್ರವನ್ನು ಹೊಸ ಕವರಿಗೆ ಹಾಕಿದರು. ಹಳೇ ಪತ್ರದ ಜೆರಾಕ್ಸ್ ಪಕ್ಕದ ಮನೆಯ ಬೀರುವಿನಲ್ಲಿ, ನಾಲ್ಕು ಗಂಡುಮಕ್ಕಳ ಮಾರ್ಕ್ಸ್ ಕಾರ್ಡುಗಳ ಮೇಲೆ, ಈಗಲೂ ಇದೆ.

ಮಾರನೇ ದಿನವೇ ಅರಸೀಕೆರೆಗೆ ಹೊರಟೆ. ಅತ್ತೆ ತಾವೂ ಬರುತ್ತೇನೆಂದರು. ಅದೇ ಕೇಂದ್ರ, ಅದೇ ಆಪರೇಟರ್, ಅಷ್ಟೇ ಉದ್ದದ ಸಾಲು. ನಮ್ಮ ಸರದಿ ಬಂದಾಗ ಕೂಸು ಅತ್ತೆಯ ಸೊಂಟದ ಮೇಲಿತ್ತು, ಕಾದು ಕಾದು ಅಳುತ್ತಿತ್ತು. ಆಪರೇಟರ್ ಪತ್ರ ನೋಡುತ್ತಾ, ತಲೆ ಎತ್ತದೆ, "ತಾಯಿ ಬಂದಿದಾರಾ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮುಂಚೆ ಅತ್ತೆ, "ಇವ್ಳೇ ಕಣವ್ವ" ಎಂದರು. ಕೂಸನ್ನು ಸೊಂಟದಿಂದ ಇಳಿಸಿ ನನ್ನ ಕೈಗೆ ಕೊಟ್ಟರು.

"ತಗೋ, ನಿನ್ ಕೂಸು ಹಸ್ಕೊಂಡೈತೆ" ಎಂದರು.